ಹಡೆಯದವಳನ್ನು ಒಳಗೆ ಕರೆದವರು

ಮೊನ್ನೆ ಇಂಡಿಯಿಂದ ಊರಿಗೆ ಬರುವಾಗ ಬಸ್ಸಿನಲ್ಲಿ ಒಬ್ಬ ರೈತ ಲಿಂಬಿಕಾಯಿಯ ಚೀಲವನ್ನು ನನ್ನ ಕಾಲ ಬಳಿಯೇ ತಂದಿಟ್ಟ. "ಅಕ್ಕಾರ, ಸ್ವಲ್ಪ ಕಾಲ ಸರಸ್ರಿ" ಅಂದ. ಸರಿಸಲು ಜಾಗವಾದರೂ ಎಲ್ಲಿತ್ತು? ಟಿಕೆಟ್ ಕೊಡುತ್ತ ಬಂದ ಕಂಡಕ್ಟರ್ ಚೀಲದ ಮೇಲೇ ಕಾಲಿಟ್ಟು ದಾಟಿದ, ಒಂದೆರಡು ಕಾಯಿ ಒಡೆದವು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಬಸ್ಸಿನಲ್ಲಿ ಇರಲಿಲ್ಲ. ಹೆರಿಗೆ ಕೋಣೆಯ ಕಿಟಕಿಯ ಹತ್ತಿರ ನಿಂತಿದ್ದೆ, ಪಕ್ಕದಲ್ಲಿ ನರ್ಸ್ ಬಾಯಿಯವರು ಇದ್ದರು…

ಅವರ ಚೀಲದಲ್ಲಿ ಯಾವಾಗಲೂ ಒಂದು ಲಿಂಬಿಕಾಯಿ ಇರುತ್ತಿತ್ತು. ಬೇನೆ ತಿನ್ನುವ ಹೆಂಗಸಿಗೆ ಹೊಟ್ಟೆ ತೊಳಸಿದರೆ ಅದನ್ನು ಉಗುರಿನಿಂದ ಗೀರಿ ಅವಳ ಮೂಗಿನ ಹತ್ತಿರ ಹಿಡಿಯುತ್ತಿದ್ದರು. ಯಾರಿಗೂ ಬೇಕಾಗದಿದ್ದರೆ ಸಂಜೆ ಅದನ್ನೇ ಹಿಂಡಿ ತಾವು ಪಾನಕ ಮಾಡಿಕೊಂಡು ಕುಡಿಯುತ್ತಿದ್ದರು.

ನಮ್ಮ ಕಡೆ ನರ್ಸಮ್ಮನನ್ನು ಬಾಯಿಯವರು ಅಂತ ಕರೆಯುತ್ತೇವೆ; ಇವರು ತಾಳಿಕೋಟೆಯವರು. ನರ್ಸ್ ಆಗಿ ಎಷ್ಟೋ ವರ್ಷ ದುಡಿದ ಮೇಲೆ ಹೆರಿಗೆಯದೇ ಬೇರೆ ತರಬೇತಿ ಪಡೆದು ಬಂದಿದ್ದರು. ನಮ್ಮ ಬಸವನ ಬಾಗೇವಾಡಿಯಲ್ಲಿದ್ದಾಗ ವಾರಕ್ಕೊಮ್ಮೆ ಮಧ್ಯಾಹ್ನ ಬಸುರಿಯರನ್ನೂ ಅವರ ಜೊತೆ ಬರುವವರನ್ನೂ ಕೂಡಿಸಿ ಪಾಠ ಮಾಡುತ್ತಿದ್ದರು. ಪಾಠವೆಂದರೆ ಗೋಡೆಗೆ ಚಿತ್ರ ತೂಗುಹಾಕಿ ಕೋಲಿನಿಂದ ತೋರಿಸುವುದಲ್ಲ. ಗಂಡಂದಿರ ಹೊಟ್ಟೆಗೆ ಜೋಳದ ಗಂಟು ಕಟ್ಟಿಸಿ, ಕೆಳಗೆ ಬಿದ್ದ ಸೂಜಿ ಹೆಕ್ಕಿ ಕೊಡಲು ಹೇಳುತ್ತಿದ್ದರು. ಗಂಡಂದಿರು ನಾಚಿಕೊಂಡರೆ, "ಆಕಿ ಒಂಬತ್ತ ತಿಂಗಳ ಹೊತಗೊಂಡ ತಿರಗ್ಯಾಳ, ನಿನಗ ಒಂದ ಗಳಗಿ ಆಗಂಗಿಲ್ಲೇನು?" ಅನ್ನುತ್ತಿದ್ದರು. ಮಾತು ಒರಟು. ಬೈಯದೆ ಅವರಿಗೆ ನಾಲ್ಕು ಮಾತು ಆಡಲು ಬರುತ್ತಿರಲಿಲ್ಲ. ಆದರೂ ಹೆಂಗಸರು ಮಸೂತಿಯಂಥ ಹಳ್ಳಿಗಳಿಂದಲೂ ಟಂಟಂ ಆಟೋ ಹತ್ತಿ ಬರುತ್ತಿದ್ದರು.

ನಾನು ಬ್ಲೌಸ್ ಹೊಲಿಯುವವಳು. ನನಗೆ ಮಕ್ಕಳಾಗಲಿಲ್ಲ. ಇದನ್ನು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಾನು ಹೇಳದಿದ್ದರೆ ಬೇರೆಯವರು ಹೇಳುತ್ತಾರೆ. ನಮ್ಮ ಕಡೆ ಬಸುರಿಗೆ ಕುಬಸ ಮಾಡುತ್ತಾರೆ. ಹೊಸ ಖಣದ ಕುಬಸ ತೊಡಿಸಿ, ಮುತ್ತೈದೆಯರೆಲ್ಲ ಸೇರಿ ಅವಳ ಸೆರಗಿಗೆ ಅಕ್ಕಿ, ಉತ್ತತ್ತಿ, ಕೊಬ್ಬರಿ ಬಟ್ಟಲು ಹಾಕಿ ಉಡಿ ತುಂಬುತ್ತಾರೆ. ಆ ಕುಬಸ ಹೊಲಿಯಲು ಮಾತ್ರ ನಾನು ಬೇಕಾಗಿತ್ತು. ಉಡಿ ತುಂಬುವ ಹೊತ್ತಿಗೆ ನನ್ನ ಹೆಸರು ಯಾರ ನೆನಪಿಗೂ ಬರುತ್ತಿರಲಿಲ್ಲ. ಬಾರದೇ ಇರುವ ಹಾಗೆ ಎಲ್ಲರೂ ಜಾಣತನದಿಂದ ನೋಡಿಕೊಳ್ಳುತ್ತಿದ್ದರು. ಇನ್ನು ಹೆರಿಗೆ ಕೋಣೆಯ ಮಾತಂತೂ ದೂರವೇ ಉಳಿಯಿತು. ಮಕ್ಕಳಿಲ್ಲದವಳ ಕಣ್ಣು ಬೀಳಬಾರದಂತೆ.

ನನ್ನ ತಂಗಿಯನ್ನು ಸಿಂದಗಿಗೆ ಕೊಟ್ಟಿದ್ದೆವು. ಅವ್ವ ತೀರಿಕೊಂಡ ಮೇಲೆ ನಮ್ಮ ಮನೆಯೇ ಅವಳಿಗೆ ತವರು. ಅವಳ ಮೊದಲ ಹೆರಿಗೆ ಗಂಡನ ಮನೆಯ ಕಡೆಯೇ ಆಯಿತು. ಕೂಸು ಉಳಿಯಲಿಲ್ಲ. ಕೂಸು ಹೋದದ್ದು ಯಾರ ಕೈಯಲ್ಲೂ ಇರಲಿಲ್ಲವೇನೋ, ಆದರೆ ಅಷ್ಟು ಹೊತ್ತು ಅವಳ ಹತ್ತಿರ ತನ್ನವರು ಅನ್ನುವವರು ಒಬ್ಬರೂ ಇರಲಿಲ್ಲ. ಅತ್ತಾಗ ಯಾರೋ ಬೈದರಂತೆ: "ಎಲ್ಲಾರೂ ಹಡದಾರ, ನೀ ಏನ ಹೊಸದಾಗಿ ಹಡಿಯಾಕತ್ತೀಯೇನು?" ಈ ಮಾತು ನಮ್ಮ ಕಡೆ ಎಷ್ಟು ಸಲೀಸೆಂದರೆ ಅಂದವರಿಗೆ ಅಂದದ್ದೂ ನೆನಪಿರುವುದಿಲ್ಲ. ನನ್ನ ತಂಗಿ ಮಾತ್ರ ಅದನ್ನು ಮರೆಯಲಿಲ್ಲ.

ಎರಡನೇ ಸಲ ಬಸುರಾಗಿ ನಮ್ಮ ಮನೆಗೆ ಬಂದವಳು ಚೀಲ ಕೆಳಗಿಡುವ ಮೊದಲೇ ಹೇಳಿದಳು: "ಅಕ್ಕಾ, ಈ ಸಲ ನಾ ಒಬ್ಬಾಕಿನ ಒಳಗ ಹೋಗಂಗಿಲ್ಲ. ಬ್ಯಾನಿ ಬಂದ್ರೂ ಹೇಳಂಗಿಲ್ಲ ನೋಡು." ಹೆದರಿಸಲು ಅಂದದ್ದಲ್ಲ ಅದು. ಅವಳು ಚಿಕ್ಕಂದಿನಿಂದಲೂ ಹಾಗೇ, ಚೇಳು ಕಡಿದರೂ ಬಾಯಿ ಬಿಡದವಳು. ಬೇನೆ ಮುಚ್ಚಿಟ್ಟುಕೊಂಡು ಮನೆಯಲ್ಲೇ ಕೂತು ಏನಾದರೂ ಆಗಿಬಿಟ್ಟರೆ… ಆ ಯೋಚನೆಯಲ್ಲಿ ನನಗೆ ಅನ್ನ ಸೇರುತ್ತಿರಲಿಲ್ಲ. ಕೊನೆಗೆ ಅವಳ ಕೈ ಹಿಡಿದು ಎಳೆದುಕೊಂಡೇ ಬಾಯಿಯವರ ಹತ್ತಿರ ಹೋದೆ.

ಬಾಯಿಯವರು ನನ್ನನ್ನು ಹೊರಗೆ ಕೂಡಿಸಿ ಅವಳೊಬ್ಬಳನ್ನೇ ಒಳಗೆ ಕರೆದರು. ಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲ, ಎಲ್ಲ ಕೇಳುತ್ತಿತ್ತು. ಬೇರೆ ಕಡೆಯಾದರೆ "ಹೆರಿಗಿಗೆ ಜೋಡಿ ಯಾರ ಬರ್ತಾರ?" ಅಂತ ಕೇಳುತ್ತಾರೆ. ಹಾಗೆ ಕೇಳಿದರೆ ನಮ್ಮ ಕಡೆಯ ಯಾವ ಸೊಸೆಯೂ "ಅತ್ತಿ ಬರ್ತಾರ್ರಿ" ಅನ್ನದೆ ಬೇರೆ ಹೇಳುವುದಿಲ್ಲ. ಹೇಳಿದರೆ ಮರ್ಯಾದೆಗೆ ಕಡಿಮೆ. ಬಾಯಿಯವರು ಕೇಳಿದ್ದೇ ಬೇರೆ.

"ಯಾರ ಮುಂದ ನಿನಗ ಅಳಾಕ ಬರತೈತಿ?"

ತಂಗಿ "ನಮ್ಮ ಅಕ್ಕನ ಮುಂದ್ರಿ" ಅಂದಳು.

ನನ್ನನ್ನು ಒಳಗೆ ಕರೆದರು. ನಾನು ಕೂಡುವ ಮೊದಲೇ, "ನನಗ ಮಕ್ಕಳಿಲ್ರಿ ಬಾಯಾರ" ಅಂದೆ. ಆಮೇಲೆ ಗೊತ್ತಾಗಿ ಮಾತು ಬರುವುದಕ್ಕಿಂತ ಮೊದಲೇ ಹೇಳಿದ್ದು ಒಳ್ಳೆಯದಲ್ಲವೇ.

"ಛಲೋ ಆತು" ಅಂದರು.

ನನಗೆ ಮೈಯೆಲ್ಲ ಉರಿಯಿತು. ಅಯ್ಯೋ ಪಾಪ ಅಂದವರಿದ್ದರು, ಆ ದೇವರಿಗೆ ಹರಕೆ ಹೊರು ಈ ದೇವರಿಗೆ ಹರಕೆ ಹೊರು ಅಂದವರಿದ್ದರು, ಛಲೋ ಆತು ಅಂದವರು ಯಾರೂ ಇರಲಿಲ್ಲ. ಎದ್ದು ಹೋಗಬೇಕೆಂದಿದ್ದೆ. ಅವರು ನನ್ನ ಮುಖ ನೋಡಿ, "ಸಿಟ್ಟಾಗಬ್ಯಾಡ, ಕುಂದರು. ಮುಂದಿನ ವಾರ ಪಾಠಕ್ಕ ಬಾ, ಯಾಕಂದೆ ಅಂತ ನಿನಗ ತಿಳೀತೈತಿ" ಅಂದರು.

ಹೋದೆ. ಸಿಟ್ಟಿನಿಂದಲೇ ಹೋದೆ. ಅಂದು ಜೊತೆಗೆ ಬರುವ ಹೆಂಗಸರಿಗೆ ಪಾಠ. ಬಾಯಿಯವರು ಒಬ್ಬ ಬಸುರಿಯನ್ನು ಚಾಪೆಯ ಮೇಲೆ ಕೂಡಿಸಿ, "ಈಕಿಗೆ ಬ್ಯಾನಿ ಸುರು ಆಗ್ಯಾವಂತ ತಿಳಕೊಳ್ರಿ, ಹತ್ರ ಕುಂತು ಧೈರ್ಯ ಹೇಳ್ರಿ" ಅಂದರು. ಮೊದಲನೆಯವಳು ಬಂದವಳೇ, "ಹೆದರಬ್ಯಾಡವ್ವಾ, ನಮ್ಮ ದೊಡ್ಡಾವ ಹುಟ್ಟೂ ಮುಂದ ನನಗಂತೂ ಎರಡ ದಿನ…" ಅಂತ ಶುರು ಮಾಡಿದಳು. ಎರಡನೆಯವಳು ತಾನು ಹೊಲದಲ್ಲೇ ಹಡೆದ ಕತೆ ತೆಗೆದಳು. ಮೂರನೆಯವಳು ತನ್ನದು ಮುಗಿಸಿ ತನ್ನ ನಾದಿನಿಯದೂ ಹೇಳಿದಳು. ಚಾಪೆಯ ಮೇಲಿನ ಹುಡುಗಿ ಸುಳ್ಳು ಬೇನೆಯಲ್ಲೇ ನಿಜವಾಗಿ ಬೆವತಿದ್ದಳು. ಎಲ್ಲರೂ ಒಳ್ಳೆಯವರೇ, ಒಬ್ಬರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ. ಆದರೆ ಹಡೆದವಳಿಗೆ ಹಡೆಯುವವಳನ್ನು ಕಂಡರೆ ತನ್ನ ಕತೆ ಹೇಳದೆ ಇರಲಾಗದು.

ನನ್ನ ಸರದಿ ಬಂತು. ಹೇಳಲು ನನ್ನ ಹತ್ತಿರ ಏನಿತ್ತು? ಸುಮ್ಮನೆ ಹೋಗಿ ಕೂತೆ. ಏನು ಮಾಡಬೇಕೆಂದು ತಿಳಿಯದೆ, "ಎಲ್ಲಿ ನೋಯಾಕತ್ತೈತವ್ವಾ?" ಅಂದೆ. ಆ ಹುಡುಗಿ ನನ್ನ ಕೈ ತೆಗೆದುಕೊಂಡು ತನ್ನ ಸೊಂಟದ ಮೇಲೆ ಇಟ್ಟುಕೊಂಡಳು. ಬಾಯಿಯವರು ಉಳಿದವರ ಕಡೆ ತಿರುಗಿ, "ನೋಡಿದ್ರಿಲ್ಲ?" ಅಂದರು.

ಆಮೇಲೆ ನಮ್ಮೆಲ್ಲರನ್ನೂ ಖಾಲಿ ಇದ್ದ ಹೆರಿಗೆ ಕೋಣೆಗೆ ಕರೆದೊಯ್ದರು. ಒಬ್ಬೊಬ್ಬರನ್ನೇ ಆ ಮಂಚದ ಮೇಲೆ ಮಲಗಿಸಿ, "ಮ್ಯಾಲ ನೋಡ್ರಿ, ಏನ ಕಾಣತೈತಿ ಹೇಳ್ರಿ" ಅನ್ನುತ್ತಿದ್ದರು. ಮಲಗಿದವಳಿಗೆ ಕಾಣುವುದು ಬಗ್ಗಿದ ಮುಖಗಳು ಮಾತ್ರ, ಅದಕ್ಕೇ ಮುಖ ನೆಟ್ಟಗಿಟ್ಟುಕೊಳ್ಳಿ ಅನ್ನುವುದು ಪಾಠ. ನಾನೂ ಮಲಗಿದೆ. ಜನ್ಮದಲ್ಲಿ ಆ ಮಂಚದ ಮೇಲೆ ನಾನು ಮಲಗಿದ್ದು ಅದೊಂದೇ ಸಲ. ಬೆನ್ನಿಗೆ ರೆಕ್ಸಿನ್ ತಣ್ಣಗೆ ಹತ್ತಿತು, ಕಣ್ಣಿನಲ್ಲಿ ನೀರು ಬಂತು, ನಿಲ್ಲಲೇ ಇಲ್ಲ. ಉಳಿದ ಹೆಂಗಸರು ಲೊಚಗುಟ್ಟಲು ಶುರು ಮಾಡಿದರು. ಬಾಯಿಯವರು ಅವರನ್ನು ಹೊರಗೆ ಕಳಿಸಿ, ಸ್ಟೂಲ್ ಎಳೆದುಕೊಂಡು ನನ್ನ ತಲೆಯ ಹತ್ತಿರ ಕೂತರು. ಅಳಬೇಡ ಅನ್ನಲಿಲ್ಲ. ನಾನಾಗಿಯೇ ಏಳುವವರೆಗೂ ಕೂತಿದ್ದರು. ಎದ್ದ ಮೇಲೆ, "ಹಿಂಗ ಕುಂದರೋದು. ಕೆಳಗಿನ ಕೆಲಸ ನಮ್ಮದು, ಮುಖದ ಕಡೆ ನಿಂದು" ಅಂದರು. ನನಗೆ ಅವರು ಕಲಿಸಿದ್ದೆಲ್ಲ ಅಷ್ಟೇ. ಇನ್ನೂ ಹೆಚ್ಚೇನೂ ಬೇಕಾಗಲೂ ಇಲ್ಲ.

ತಂಗಿಗೆ ಬೇನೆ ಬಂದದ್ದು ಬೆಳಿಗ್ಗೆ, ನಾನು ರೊಟ್ಟಿ ಬಡಿಯುತ್ತಿದ್ದಾಗ. ತಾನಾಗಿಯೇ ಬಂದು ಹೇಳಿದಳು. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಸಿಂದಗಿಯಿಂದ ಅವಳ ಅತ್ತೆ ಬಂದಿಳಿದಿದ್ದರು. ನನಗೆ ಬೀಗತಿ ಅವರು. ಕೆಟ್ಟವರೇನಲ್ಲ, ಒಂದು ಮೊಮ್ಮಗುವನ್ನು ಕಳೆದುಕೊಂಡಿದ್ದರು. ನಾನು ತಂಗಿಯ ಜೊತೆ ಒಳಗೆ ಕಾಲಿಡುವಾಗ ಬಾಗಿಲಿಗೆ ಅಡ್ಡ ನಿಂತರು.

"ಬಾಯಾರ, ಹೇಳಬಾರದು, ಆಕಿ ಹಡದಾಕಿ ಅಲ್ಲ. ಹಡಿಯೋ ಕ್ವಾಣ್ಯಾಗ ಆಕೀನ ಹೆಂಗ ಬಿಡ್ತೀರಿ?"

"ಒಳಗ ಡಾಕ್ಟರ ಅದಾರ, ಗಂಡಸ ಮನಷ್ಯಾ. ಅವರು ಎಷ್ಟ ಹಡದಾರ ಕೇಳ್ಕೊಂಡ ಬರ್ಲೇನ್ರಿ?"

ಬಾಗಿಲಲ್ಲಿ ನಿಂತಿದ್ದ ಆಯಾ ನಕ್ಕಳು. ಬೀಗತಿಗೂ ನಗು ಬಂದಿತ್ತು, ಆದರೆ ನುಂಗಿಕೊಂಡರು. "ಏನರ ಹೆಚ್ಚುಕಡಿಮಿ ಆದ್ರ ಆಕೀನ ಜವಾಬ್ದಾರಿ ಮತ್ತ" ಅಂದರು.

ಬಾಯಿಯವರ ದನಿ ಆಗ ಸಣ್ಣದಾಯಿತು. "ಆಕೀದಲ್ಲ. ನಂದು. ನಿಮ್ಮ ಸೊಸಿನ ಆಕೀನ್ನ ಬೇಡ್ಯಾಳ. ನೀವು ಬಾಗಲದಾಗ ಕುಂದರ್ರಿ, ಕೂಸ ಬಂದಕೂಡ್ಲೇ ನಿಮ್ಮ ಕೈಯಾಗ ಕೊಡ್ತೇನಿ."

ಒಳಗೆ ಹೋದ ಮೇಲೂ ಬೀಗತಿಯ ಮಾತು ತಲೆಯಲ್ಲಿ ಕೂತುಬಿಟ್ಟಿತ್ತು. ಏನಾದರೂ ಆದರೆ ಊರು ನನ್ನನ್ನೇ ಬೊಟ್ಟು ಮಾಡುತ್ತದೆ, ಅದು ಹಾಗಿರಲಿ, ನಾನೇ ನನ್ನನ್ನು ಬಿಡುವುದಿಲ್ಲ… ಆದರೆ ತಂಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ಮುಖದ ಕಡೆ ನಂದು. ಸೊಂಟ ಒತ್ತಿದೆ, ನೀರು ಕುಡಿಸಿದೆ, ಅವಳು ಓಡಾಡುತ್ತೇನೆ ಅಂದಾಗ ಹೆಗಲು ಕೊಟ್ಟೆ. ಅವಳು ಅತ್ತಳು. ಹೋದ ಸಲದ ಕೂಸಿಗಾಗಿ ಅತ್ತಳು, ಅವ್ವನನ್ನು ಕರೆದು ಅತ್ತಳು, ಒಮ್ಮೆ ನನ್ನನ್ನೂ ಬಾಯಿಗೆ ಬಂದಂತೆ ಬೈದಳು. ನಾನು ಅಳಲು ಬಿಟ್ಟೆ. ಬಾಯಿಯವರು ಕೂಸಿನ ಎದೆ ಬಡಿತ ಕೇಳುತ್ತ, ನಡುನಡುವೆ ನನಗೆ ಕಣ್ಸನ್ನೆ ಮಾಡುತ್ತ ತಮ್ಮ ಕೆಲಸ ಮಾಡಿಕೊಂಡಿದ್ದರು. ಮಧ್ಯಾಹ್ನದ ಬಿಸಿಲು ಕಿಟಕಿಗೆ ಬರುವ ಹೊತ್ತಿಗೆ ಕೂಸು ಬಂತು, ಹೆಣ್ಣು. ಬಂದದ್ದೇ ಕೋಣೆ ಹಾರಿಹೋಗುವ ಹಾಗೆ ಅತ್ತಿತು. ತಾಯಿಯ ಎದೆಯ ಮೇಲೆ ಅದನ್ನು ಸ್ವಲ್ಪ ಹೊತ್ತು ಮಲಗಿಸಿ, ಆಮೇಲೆ ಬಾಯಿಯವರು ಕೊಟ್ಟ ಮಾತಿನಂತೆ ಬೀಗತಿಯ ಕೈಗೆ ಕೊಟ್ಟರು.

ಇಷ್ಟಾದ ಮೇಲೆ ಬೀಗತಿ ಪೂರ್ತಿ ಬದಲಾದರು ಅಂತ ಬರೆದರೆ ಸುಳ್ಳಾಗುತ್ತದೆ. ತೊಟ್ಟಿಲಿಗೆ ಹಾಕುವ ದಿನ ನನ್ನನ್ನು ಅಡುಗೆಮನೆಯಲ್ಲೇ ಇರಿಸಿದರು, ಪಾಯಸ ತಳ ಹಿಡಿಯದ ಹಾಗೆ ನೋಡಿಕೋ ಅಂದರು. ಆದರೆ ಬಾಯಿಯವರು ನನ್ನನ್ನು ಬಿಡಲಿಲ್ಲ. ಜೊತೆಗೆ ಯಾರೂ ಇಲ್ಲದ ಹುಡುಗಿಯರು ಬಂದರೆ ಫೋನ್ ಮಾಡಿ, "ಪುರಸೊತ್ತ ಐತೇನು? ಇಲ್ಲಂದ್ರೂ ಬಾ" ಅನ್ನುತ್ತಿದ್ದರು. ಅವರಿಗೆ ವರ್ಗವಾದ ಮೇಲೂ ನಾನು ಹೊಲಿಗೆ ಯಂತ್ರ ಮುಚ್ಚಿಟ್ಟು ಬಸ್ ಹತ್ತಿ ಮುದ್ದೇಬಿಹಾಳಕ್ಕೆ ಹೋದೆ, ಸಿಂದಗಿಗೆ ಹೋದೆ, ಇಂಡಿಗೆ ಹೋದೆ. ಎಷ್ಟೋ ಹುಡುಗಿಯರ ಬೆನ್ನು ನೀವಿದ್ದೇನೆ. ಕೆಲವರ ಹೆಸರೂ ಈಗ ನೆನಪಿಲ್ಲ, ಮುಖ ಮಾತ್ರ ನೆನಪಿದೆ.

ಬಾಯಿಯವರಿಗೆ ಹೊಟ್ಟೆಯಲ್ಲಿ ಗಡ್ಡೆ ಅಂತ ಗೊತ್ತಾದಾಗ ತಡವಾಗಿತ್ತು. ತಾಳಿಕೋಟೆಯ ಬಾಡಿಗೆ ಮನೆಯಲ್ಲಿ ಮಲಗಿದ್ದರು, ಅಕ್ಕನ ಮಗಳು ನೋಡಿಕೊಳ್ಳುತ್ತಿದ್ದಳು. ನಾನು ಹೋದಾಗಲೆಲ್ಲ ಅವರು ಕೇಳುತ್ತಿದ್ದದ್ದು ಒಂದೇ: "ಉಡಿ ತುಂಬಾಕ ಕರದ್ರೇನು ಇನ್ನ?" ಇಲ್ಲ ಅನ್ನುತ್ತಿದ್ದೆ. ನನಗದು ರೂಢಿಯಾಗಿತ್ತು. ಅವರಿಗೆ ಆಗಿರಲಿಲ್ಲ. ಕೊನೆಯ ಸಲ ಹೋದಾಗ ಗೋಡೆಯ ಕಡೆ ಮುಖ ಮಾಡಿ ಅಂದರು: "ಬ್ಯಾನಿಗೆ ಕರೀತಾರ, ಸಂತೋಷಕ್ಕ ಕರಿಯಂಗಿಲ್ಲ. ನನ್ನ ಕೆಲಸ ಅರ್ಧ ಉಳದ್ಹೋತು ನೋಡು." ಅವರು ತೀರಿಕೊಂಡ ದಿನ ನಾನು ಮುದ್ದೇಬಿಹಾಳದಲ್ಲಿ ಒಬ್ಬ ಹುಡುಗಿಯ ಜೊತೆ ಒಳಗಿದ್ದೆ. ಫೋನ್ ಹೊರಗೆ ಚೀಲದಲ್ಲಿತ್ತು. ನಡುವೆ ಬಿಟ್ಟು ಬಂದಿದ್ದರೆ ಸತ್ತವರೇ ಎದ್ದು ಬೈಯುತ್ತಿದ್ದರು, ಅದು ನನಗೆ ಗೊತ್ತು. ಆದರೂ ಮುಖ ನೋಡಲು ಸಿಗಲಿಲ್ಲವಲ್ಲ ಅನ್ನುವುದು ಇವತ್ತಿಗೂ ಮನಸ್ಸಿನಿಂದ ಹೋಗಿಲ್ಲ.

ಹೋದ ತಿಂಗಳು ಸಿಂದಗಿಯಲ್ಲಿ ಬೀಗತಿಯ ಕಿರಿಯ ಸೊಸೆಯ ಕುಬಸ. ಹೊಲಿದ ಕುಬಸ ಕೊಟ್ಟು, ಊಟ ಮಾಡಿಕೊಂಡು ಬರೋಣವೆಂದು ಹೋಗಿದ್ದೆ. ಹಿಂದಿನ ಸಾಲಿನಲ್ಲಿ ಕೂತಿದ್ದೆ, ಅಲ್ಲಿ ಕೂತರೆ ಯಾರಿಗೂ ಮುಜುಗರವಾಗುವುದಿಲ್ಲ. ಬೀಗತಿಗೆ ಈಗ ಕಣ್ಣು ಸರಿಯಾಗಿ ಕಾಣುವುದಿಲ್ಲ. ಕೈ ಹಣೆಗೆ ಹಚ್ಚಿ ಸಾಲೆಲ್ಲ ಹುಡುಕಿ ನನ್ನನ್ನು ಹೆಸರು ಹಿಡಿದು ಕರೆದರು. "ಮೊದಲ ನೀ ತುಂಬು" ಅಂದರು. ಹಿಂದೆ ಯಾರೋ ಗುಸುಗುಸು ಅಂದರು. ಬೀಗತಿ ತಿರುಗಿಯೂ ನೋಡದೆ, "ನಾಳೆ ಒಳಗ ಹೋಗಾಕಿ ಆಕೀನ. ಉಡಿಗೆ ಬ್ಯಾಡೇನು?" ಅಂದರು. ತುಂಬಿದೆ. ಒಂದಿಷ್ಟು ಅಕ್ಕಿ ನೆಲಕ್ಕೆ ಚೆಲ್ಲಿತು. ತಂಗಿ ಬಗ್ಗಿ ಅದನ್ನೆಲ್ಲ ಆಯ್ದು ಮತ್ತೆ ನನ್ನ ಕೈಗೇ ಹಾಕಿದಳು.

ಸಂಜೆ ಮನೆಗೆ ಬಂದು ಗಂಡನಿಗೆ ಹೇಳಿದೆ. ಬಹಳ ಸಂತೋಷಪಟ್ಟ. ಆದರೆ ಇದು ತಾಳಿಕೋಟೆಯ ಬಸ್ ಹತ್ತಿ ಹೋಗಿ, ಚಪ್ಪಲಿ ಬಿಡುವ ಮೊದಲೇ ಬಾಗಿಲಲ್ಲಿ ನಿಂತು ಹೇಳಬೇಕಾದ ಸುದ್ದಿ. ಆ ಬಸ್ ಈಗಲೂ ಅದೇ ಹೊತ್ತಿಗೆ ಬರುತ್ತದೆ. ಆ ಮನೆಯಲ್ಲಿ ಮಾತ್ರ ಈಗ ಬೇರೆ ಯಾರೋ ಇದ್ದಾರೆ.