ಅಂಚಿಲ್ಲದ ಫರಸಿ

ಇವತ್ತು ಬೆಳಿಗ್ಗೆ ನೋರಿಯ ಹೊಸ ಪೊಟ್ಟಣ ಒಡೆದೆ. ಸಮುದ್ರದ ಪಾಚಿಯನ್ನು ಒಣಗಿಸಿ ಮಾಡಿದ ಕಪ್ಪು ಹಸಿರು ಹಾಳೆ ಅದು. ಜಪಾನಿನ ಸುಶಿ ಮಾಡುವಾಗ ಅನ್ನ ಸುತ್ತುವುದು ಅದರಲ್ಲೇ. ಉರಿಯ ಮೇಲೆ ಒಮ್ಮೆ ಆಡಿಸಿದರೆ ಸಾಕು, ಹಾಳೆ ಗರಿಗರಿಯಾಗಿ ಅಂಗಡಿ ತುಂಬ ಒಂದು ವಾಸನೆ ಏಳುತ್ತದೆ. ಬೇಸಿಗೆಯಲ್ಲಿ ನೀರು ಇಳಿದ ಮೇಲೆ ಹೊಳೆದಂಡೆಯ ಕಲ್ಲಿಗೆ ಬರುವ ವಾಸನೆ... ಅದು ಮೂಗಿಗೆ ಬಡಿದಾಗಲೆಲ್ಲ ನನಗೆ ಮುತ್ಯಾ ನೆನಪಾಗುತ್ತಾರೆ. ಇವತ್ತು ಹೊರಗೆ ಬೇವಿನ ಗಿಡದ ಕೆಳಗಿನ ಖಾಲಿ ಕುರ್ಚಿಯನ್ನು ನೋಡುತ್ತ ನಿಂತವಳಿಗೆ ಕೈಯಲ್ಲಿದ್ದ ಹಾಳೆಯ ತುದಿ ಸುಟ್ಟದ್ದೇ ತಿಳಿಯಲಿಲ್ಲ.

ಮುತ್ಯಾ ನನ್ನ ಸ್ವಂತ ಅಜ್ಜನಲ್ಲ. ಸೇಡಂನ ಈ ಮಳಿಗೆಯ ಮಾಲಕರು. ಓಣಿಯೆಲ್ಲ ಅವರನ್ನು ಮುತ್ಯಾ ಎನ್ನುತ್ತಿತ್ತು, ನಾನೂ ಅಂದೆ. ತೊಗರಿಯ ಅಡತಿ ವ್ಯಾಪಾರವನ್ನು ಮಕ್ಕಳಿಗೆ ಬಿಟ್ಟುಕೊಟ್ಟು, ತಮ್ಮ ಮಳಿಗೆಗಳ ಮುಂದೆ ಬೇವಿನ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕೂಡುತ್ತಿದ್ದರು. ಬಿಳಿ ಧೋತರ, ತಲೆಗೆ ಟೋಪಿ, ಹಣೆಯ ತುಂಬ ವಿಭೂತಿ, ಎದೆಯ ಮೇಲೆ ಲಿಂಗ. ನಗುವುದು ಅಪರೂಪ. ಮಾತು ಅದಕ್ಕಿಂತ ಅಪರೂಪ.

ನಾನು ಹೈದರಾಬಾದಿನ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಸುಶಿ ಕಲಿತವಳು. ಊರ ಕಡೆಗೇ ಬಂದು ಅಂಗಡಿ ಇಡಬೇಕೆಂಬ ಹಟ ಹತ್ತಿತು. ಕಾಲೇಜಿನ ಹುಡುಗಿಯರು ಮೊಬೈಲಿನಲ್ಲಿ ನೋಡಿ ಬಾಯಲ್ಲಿ ನೀರು ಸುರಿಸುವುದನ್ನು ಸೇಡಂನಲ್ಲೇ ಯಾಕೆ ತಿನ್ನಬಾರದು ಎಂದು ನನ್ನ ವಾದ. ನಮ್ಮವರೆಲ್ಲ ನಕ್ಕರು. ರೊಟ್ಟಿ ತಿನ್ನೋ ಮಂದಿ ತಣ್ಣನ ಅನ್ನ ಯಾಕ ತಿಂತಾರ ಎಂದರು. ಮಳಿಗೆ ಕೇಳಲು ಹೋದಲ್ಲೆಲ್ಲ ಮೊದಲು ಅಡ್ಡ ಬರುತ್ತಿದ್ದದ್ದು ಮೀನು. ಸುಶಿ ಎಂದರೆ ಹಸಿ ಮೀನು ಎಂದು ಎಲ್ಲರಿಗೂ ಗೊತ್ತಿತ್ತು. ಅದರ ಮೇಲೆ ನಮ್ಮದು ಹೊಳೆದಂಡೆಯ ಮನೆತನ, ಮೀನು ನಮ್ಮ ಮನೆಯ ಊಟ. ಅದನ್ನು ನಾನು ಯಾರಿಂದಲೂ ಮುಚ್ಚಿಟ್ಟವಳಲ್ಲ.

ಮುತ್ಯಾ ಮಾತ್ರ ಒಂದೇ ಮಾತು ಕೇಳಿದ್ದರು.

"ನನ್ನ ಜಾಗಾದಾಗ ಮೀನ ಮಾಂಸ ಬರಬಾರ್ದು. ಮಾತು ಕೊಡ್ತಿ?"

"ಕೊಡ್ತೀನ್ರಿ ಮುತ್ಯಾ."

ಕೀಲಿ ಕೈಗೆ ಹಾಕಿದರು. ಸವತೆಕಾಯಿ, ಗಜ್ಜರಿ, ಪನೀರು, ಮಾವಿನ ಹಣ್ಣು ಹಾಕಿಯೇ ಸುಶಿ ಮಾಡುವುದೆಂದು ಆವತ್ತೇ ತೀರ್ಮಾನವಾಯಿತು. ಹೈದರಾಬಾದಿನಲ್ಲಿ ಕಟ್ಟಿಗೆಯ ಹಲಗೆಯ ಮೇಲೆ ಬಡಿಸುತ್ತಿದ್ದರು. ನಾನು ಕಲ್ಲುಗಣಿಗಳ ಭಂಕೂರಿಗೆ ಹೋಗಿ ಫರಸಿ ಕಲ್ಲನ್ನು ತಾಟಿನಷ್ಟು ಅಗಲಕ್ಕೆ ಕತ್ತರಿಸಿ, ನುಣ್ಣಗೆ ಉಜ್ಜಿಸಿ ತಂದೆ. ಮನೆಯ ನೆಲಕ್ಕೆ ಹಾಸುವ ಕಲ್ಲಿನ ಮೇಲೆ ಊಟವೇ ಎಂದು ನಮ್ಮವ್ವ ಬೈದಳು. ಬೂದು ಬಣ್ಣದ ಆ ಕಲ್ಲಿನ ಮೇಲೆ ಬಿಳಿ ಅನ್ನದ ತುಂಡುಗಳನ್ನು ಸಾಲಾಗಿ ಇಟ್ಟಾಗ ಎಷ್ಟು ಚೆಂದ ಕಾಣುತ್ತಿತ್ತೆಂದರೆ, ನನಗೆ ನಾನೇ ಶಭಾಶ್ ಹೇಳಿಕೊಂಡಿದ್ದೆ. ಆ ಜಂಬವೇ ಮುಂದೆ ನನ್ನನ್ನು ಪೇಚಿಗೆ ಸಿಕ್ಕಿಸಿತು.

ಅಂಗಡಿ ತೆರೆದ ಕೆಲವೇ ದಿನಕ್ಕೆ ಗುಲ್ಲೆದ್ದಿತು. ನೋರಿ ಸುಡುವ ವಾಸನೆ ಗಾಳಿಗೆ ಪಕ್ಕದ ಸೀರೆ ಅಂಗಡಿಗೆ ಹೋಗುತ್ತಿತ್ತು. ಆ ಅಂಗಡಿಯ ಸಾಹುಕಾರರು ಮೂಗಿಗೆ ಟವೆಲು ಹಿಡಿದು ಕಡ್ಡಿಯನ್ನು ಗುಡ್ಡ ಮಾಡಿದರು. ನಾನು ಹಾಳೆ ತೋರಿಸಿದೆ, ಇದು ನೀರಿನಲ್ಲಿ ಬೆಳೆಯುವ ಸೊಪ್ಪು ಎಂದೆ. ಯಾರು ಕೇಳಬೇಕು? ಬರುತ್ತಿದ್ದ ನಾಲ್ಕು ಜನ ಹುಡುಗಿಯರೂ ಮನೆಯಲ್ಲಿ ಬೈಸಿಕೊಂಡು ಬರುವುದನ್ನು ಬಿಟ್ಟರು. ಕೊನೆಗೊಂದು ಸಂಜೆ ಓಣಿಯ ಹಿರಿಯರೆಲ್ಲ ಬೇವಿನ ಗಿಡದ ಕೆಳಗೆ ಸೇರಿದರು.

"ಮುತ್ಯಾ, ಆಕಿ ಒಳಗ ಮೀನ ಹುರಿಯಾಕತ್ತಾಳ. ಮಳಗಿ ಖಾಲಿ ಮಾಡಸ್ರಿ," ಎಂದರು ಸಾಹುಕಾರರು.

ನಾನು ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ. ತಲೆ ಬಗ್ಗಿಸಲಿಲ್ಲ, ಅಷ್ಟು ಸೊಕ್ಕು ನನಗಿತ್ತು. ಖಾಲಿ ಮಾಡಿದರೆ ಮತ್ತೆ ಹೈದರಾಬಾದಿನ ಯಾರದೋ ಅಡುಗೆಮನೆ. ಕೊಟ್ಟ ಮಾತಿಗೆ ತಪ್ಪಿದವಳು ಎಂಬ ಹೆಸರು ಬೇರೆ, ತಪ್ಪದೆಯೇ. ಮುತ್ಯಾ ಎಲ್ಲರ ಮಾತೂ ಮುಗಿಯಲಿ ಎಂದು ಕಾದು, ನನ್ನ ಕಡೆ ತಿರುಗಿದರು.

"ನಾಳಿ ಪೂಜಿ ಮುಗಿಸಿ ಬರ್ತೀನಿ. ನನಗ ಉಣ್ಣಾಕ ಹಾಕು."

ಅಷ್ಟೇ. ಇದರ ಅರ್ಥ ಎಲ್ಲರಿಗೂ ಆಯಿತು. ಮುತ್ಯಾ ಉಂಡರೆ ನಾನು ಉಳಿದೆ, ಅರ್ಧಕ್ಕೆ ಎದ್ದರೆ ಗಂಟುಮೂಟೆ ಕಟ್ಟಿದೆ.

ಅವರಿಗೆ ರುಚಿಸಲೆಂದು ಅನ್ನದೊಳಗೆ ಪುಂಡಿಪಲ್ಯ ಇಟ್ಟು ಸುತ್ತಲೇ, ಶೇಂಗಾ ಹಿಂಡಿ ಉದುರಿಸಲೇ ಎಂದೆಲ್ಲ ಯೋಚನೆ ಬಂತು. ಬೇಡ ಎಂದುಕೊಂಡೆ. ಅವರು ಉಣ್ಣಲು ಬರುವುದು ಸುಶಿಯನ್ನು. ಅದು ಈ ಊರಿನಲ್ಲಿ ನಿಲ್ಲುವುದಾದರೆ ತನ್ನ ಕಾಲ ಮೇಲೆ ನಿಲ್ಲಲಿ, ಇಲ್ಲವೇ ಹೋಗಲಿ. ಅನ್ನ ಬೇಯಿಸಿ, ವಿನೆಗರ್ ಮತ್ತು ಸಕ್ಕರೆ ಕಲಸಿ, ಬೀಸಣಿಗೆಯಿಂದ ಆರಿಸಿದೆ. ಕೈ ಒದ್ದೆ ಮಾಡಿಕೊಂಡು ಹಾಳೆಯ ಮೇಲೆ ಹರಡಿದೆ, ಸುತ್ತಿದೆ, ಕತ್ತರಿಸಿದೆ. ಯಾವತ್ತೂ ಅಷ್ಟು ಸಮನಾಗಿ ಕತ್ತರಿಸಿರಲಿಲ್ಲ.

ಮುತ್ಯಾ ಬಂದು ಕುಳಿತರು. ಬಾಗಿಲಲ್ಲಿ ಸಾಹುಕಾರರೂ ಹಿರಿಯರೂ ನಿಂತರು. ಒಳಗೆ ಬಂದರೆ ಮೈಲಿಗೆಯಾದೀತೆಂದು ಒಂದು ಕಾಲು ಹೊರಗೇ ಇತ್ತು. ಫರಸಿ ತಂದಿಟ್ಟು, ಪಕ್ಕದಲ್ಲಿ ಸೋಯಾ ಸಾಸಿನ ಪುಟ್ಟ ಬಟ್ಟಲು ಇಟ್ಟೆ. ತಿನ್ನುವ ಕಡ್ಡಿಗಳನ್ನು ಕೊಡಲು ಹೋದರೆ, "ಕೈ ಅದಾವಲ್ಲ," ಎಂದು ಪಕ್ಕಕ್ಕೆ ಸರಿಸಿದರು.

ಒಂದು ತುಂಡು ಎತ್ತಿ ಮೂಸಿದರು. ಹಾಗೆಯೇ ಕಣ್ಣು ಮುಚ್ಚಿ ಇನ್ನೊಮ್ಮೆ ಮೂಸಿದರು.

"ಹೊಳಿ ವಾಸನಿ ಬರ್ತದ," ಎಂದರು.

"ನಾ ಏನ್ ಹೇಳಿದ್ದೆ? ಹೊಳಿ ಅಂದ್ರ ಮೀನಾ ಅಲ್ಲೇನ್ರಿ?" ಬಾಗಿಲಿಂದ ಸಾಹುಕಾರರ ದನಿ.

ಮುತ್ಯಾ ಅವರ ಕಡೆ ನೋಡಲೂ ಇಲ್ಲ. "ಹೊಳ್ಯಾಗ ಮೀನ ಅಷ್ಟಾ ಇರ್ತಾವೇನು? ಸಣ್ಣವ ಇದ್ದಾಗ ದಂಡೋತಿಯೊಳಗ ಕಾಗಿಣಾ ಹೊಳ್ಯಾಗ ಈಸ್ತಿದ್ದೆ. ಕಲ್ಲಿಗಿ ಹತ್ತಿದ ಪಾಚಿ ಹಿಂಗಾ ವಾಸನಿ ಹೊಡೀತಿತ್ತು. ನಮ್ಮವ್ವ ಮೈ ಮೂಸಿ ನೋಡಿ ಹೊಡೀತಿದ್ಳು, ಹೊಳಿಗಿ ಹೋಗಿದ್ದಿ ಅಂತ."

ಅಷ್ಟು ಉದ್ದದ ಮಾತನ್ನು ಮುತ್ಯಾ ಆಡಿದ್ದನ್ನು ನಾನು ಮೊದಲ ಸಲ ಕೇಳಿದ್ದು. ಆಮೇಲೆ ತುಂಡನ್ನು ಎದೆಯ ಮೇಲಿನ ಲಿಂಗಕ್ಕೆ ತೋರಿಸಿ ಬಾಯಿಗೆ ಇಟ್ಟರು. ನಿಧಾನವಾಗಿ ಅಗಿದರು. ಇನ್ನೊಂದು. ಮತ್ತೊಂದು. ಮುಖದಲ್ಲಿ ಏನೂ ಕಾಣಲಿಲ್ಲ. ಕೊನೆಯ ತುಂಡೂ ಹೋಯಿತು, ಕಲ್ಲಿಗೆ ಅಂಟಿದ್ದ ಅಗಳನ್ನೂ ಬೆರಳಿನಿಂದ ಎತ್ತಿ ತಿಂದರು. ನೀರಿನ ಲೋಟ ಕೈಗೆತ್ತಿಕೊಂಡು ಫರಸಿಯ ಮೇಲೆ ಬಗ್ಗಿಸಲು ಹೋದವರು ಅಲ್ಲೇ ತಡೆದರು.

ಆಗ ನನಗೆ ಹೊಳೆಯಿತು. ಉಂಡ ತಾಟಿಗೆ ನೀರು ಹಾಕಿ, ತೊಳೆದು, ಆ ನೀರನ್ನು ಕುಡಿದೇ ಏಳುವವರು ಅವರು. ಉಂಡದ್ದು ಪ್ರಸಾದ, ಅದರ ಒಂದು ಹನಿಯೂ ನೆಲಕ್ಕೆ ಬೀಳಕೂಡದು. ನನ್ನ ಚೆಂದದ ಫರಸಿಗೋ ಅಂಚೇ ಇರಲಿಲ್ಲ! ನೀರು ಹಾಕಿದರೆ ಹರಿದು ನೆಲಕ್ಕೆ, ಹಾಕದೆ ಎದ್ದರೆ ಊಟ ಅರ್ಧಕ್ಕೆ. ಹುಟ್ಟಿದಾಗಿನಿಂದ ಈ ಜನರ ನಡುವೆಯೇ ಬೆಳೆದವಳು ನಾನು, ನನಗೆ ಇಷ್ಟು ತಿಳಿಯಬಾರದೇ...

"ಸ್ಟೀಲಿನ ತಾಟ ತರ್ತೀನ್ರಿ ಮುತ್ಯಾ," ಎಂದೆ.

"ಉಂಡ ತಾಟ ಇದಾ ಅಲ್ಲೇನು?"

ಮುತ್ಯಾ ಕಲ್ಲನ್ನು ನೋಡಿದರು, ಲೋಟ ನೋಡಿದರು, ಸೋಯಾ ಸಾಸಿನ ಬಟ್ಟಲು ನೋಡಿದರು. ಆಮೇಲೆ ಆ ಭಾರದ ಫರಸಿಯನ್ನು ಎಡಗೈಯಲ್ಲಿ ಎತ್ತಿ, ಒಂದು ಮೂಲೆಯನ್ನು ಬಟ್ಟಲಿನ ಮೇಲೆ ಓರೆಯಾಗಿ ಹಿಡಿದು, ಮೇಲಿನಿಂದ ಸಣ್ಣಗೆ ನೀರು ಬಿಟ್ಟರು. ನೀರು ಕಲ್ಲನ್ನು ತೊಳೆದುಕೊಂಡು ಮೂಲೆಗಿಳಿದು ಬಟ್ಟಲು ಸೇರಿತು. ಒಂದು ಹನಿಯೂ ಆಚೆ ಬೀಳಲಿಲ್ಲ. ಬಟ್ಟಲನ್ನು ಎತ್ತಿ, ಉಳಿದ ಸಾಸೂ ಸೇರಿ ಕಪ್ಪಾಗಿದ್ದ ಆ ನೀರನ್ನು ಒಂದೇ ಗುಟುಕಿಗೆ ಕುಡಿದರು.

"ಉಪ್ಪ ಜಾಸ್ತಿ ಆಗ್ಯಾದ, ಯವ್ವ," ಎಂದರು.

ಎದ್ದು ಹೋಗಿ ಬೇವಿನ ಕೆಳಗೆ ಕುಳಿತರು. ಮುತ್ಯಾ ತಾಟು ತೊಳೆದು ಕುಡಿದ ಮನೆಯ ಅನ್ನವನ್ನು ಮೈಲಿಗೆ ಎನ್ನುವ ಗಂಡಸು ಆ ಓಣಿಯಲ್ಲಿ ಹುಟ್ಟಿರಲಿಲ್ಲ. ನಾನು ಒಳಗೆ ಹೋಗಿ ಅಕ್ಕಿ ಡಬ್ಬಿಯ ಮೇಲೆ ಕುಳಿತು ಅತ್ತೆ, ಅಳುತ್ತಲೇ ನಕ್ಕೆ. ಗೆದ್ದೆ ಎಂದು ಗಟ್ಟಿಯಾಗಿಯೇ ಹೇಳಿಕೊಂಡೆ.

ಸಂಜೆಗೆ ಮುತ್ಯಾರ ಸೊಸೆಯಂದಿರು ಬಂದರು. ಅವರ ಹಿಂದೆ ಹುಡುಗಿಯರು ಬಂದರು, ಹುಡುಗಿಯರ ಹಿಂದೆ ಅವರನ್ನು ಬೈದ ತಾಯಂದಿರೂ ಬಂದರು. ಸಾಹುಕಾರರು ತಡವಾಗಿ ಬಂದರು, ಆದರೆ ಬಂದಮೇಲೆ ಎರಡು ಫರಸಿ ಖಾಲಿ ಮಾಡಿದರು. ನಾನು ಭಂಕೂರಿಗೆ ಮತ್ತೆ ಹೋಗಿ, ಎಲ್ಲ ಕಲ್ಲುಗಳಿಗೂ ನಡುವೆ ತಗ್ಗು ತೆಗೆಸಿ, ಸುತ್ತ ಅಂಚು ಬಿಡಿಸಿಕೊಂಡು ಬಂದೆ. ಮುತ್ಯಾ ಅಂಚಿನ ಮೇಲೆ ಬೆರಳಾಡಿಸಿ, "ಈಗ ತಾಟ ಆತು ನೋಡು," ಎಂದರು. ಅವತ್ತು ನಕ್ಕಿದ್ದರು. ನಂತರ ಪ್ರತಿ ಸೋಮವಾರ ಪೂಜೆ ಮುಗಿಸಿ ಬರುತ್ತಿದ್ದರು, ಉಣ್ಣುವ ಮೊದಲು ಮೂಸುತ್ತಿದ್ದರು. ಯಾವ ಹೊಳೆಯಲ್ಲಿ ಮುಳುಗೆದ್ದು ಬರುತ್ತಿದ್ದರೋ...

ಮುತ್ಯಾ ಹೋಗಿ ಒಂದು ಮಳೆಗಾಲ ಕಳೆಯಿತು. ಕುರ್ಚಿಯನ್ನು ಯಾರೂ ತೆಗೆದಿಲ್ಲ, ಅದರಲ್ಲಿ ಯಾರೂ ಕೂತಿಲ್ಲ. ಎಷ್ಟು ಜನ ಬಂದರೂ ಸೋಮವಾರ ಆ ಹೊತ್ತಿಗೆ ನನ್ನ ಕಣ್ಣು ಬಾಗಿಲಿಗೆ ಹೋಗುತ್ತದೆ. ಇದು ವಾಸಿಯಾಗುವ ನೋವಲ್ಲ, ವಾಸಿಯಾಗಬೇಕೆಂದು ನನಗೆ ಆಸೆಯೂ ಇಲ್ಲ.

ಇವತ್ತು ಮಧ್ಯಾಹ್ನ ಸಿಮೆಂಟ್ ಕಾರ್ಖಾನೆಗೆ ಹೊಸದಾಗಿ ಬಂದ ಎಂಜಿನಿಯರ್ ಒಬ್ಬರು ಉಣ್ಣುತ್ತಿದ್ದರು, ಮೈಸೂರಿನ ಕಡೆಯವರು. ಅಂಗಡಿ ತುಂಬಿತ್ತು. ಸುತ್ತಲಿನ ಮೇಜುಗಳಲ್ಲಿ ಹುಡುಗಿಯರು ತಿಂದು ಮುಗಿಸಿ, ಫರಸಿಗೆ ನೀರು ಹಾಕಿ, ಬೆರಳಿನಿಂದ ತೊಳೆದು, ಎತ್ತಿ ಕುಡಿಯುತ್ತಿದ್ದರು. ಮನೆಯಲ್ಲಿ ರೂಢಿ ಇದ್ದವರೂ ಇದ್ದರು, ಇಲ್ಲದವರೂ ಇದ್ದರು. ಎಂಜಿನಿಯರ್ ಬೆರಗಾಗಿ ನೋಡಿದರು.

"ಮೇಡಂ, ನಾನು ಜಪಾನಿನಲ್ಲಿ ಇದ್ದು ಬಂದವನು. ಈ ಥರ ನೀರು ಹಾಕಿ ಕುಡಿಯೋದನ್ನ ಅಲ್ಲಿ ಎಲ್ಲೂ ನೋಡಲಿಲ್ಲ. ಇದು ಯಾವ ಕಡೆಯ ಪದ್ಧತಿ?"

"ದಂಡೋತಿ ಕಡೀದ್ರಿ," ಎಂದೆ.

ಅವರು ಜಪಾನಿನ ನಕಾಶೆಯಲ್ಲಿ ಆ ಊರನ್ನು ಹುಡುಕುತ್ತಿರುವವರಂತೆ ತಲೆಯಾಡಿಸಿದರು. ಆಮೇಲೆ ಬಟ್ಟಲಿನಲ್ಲಿ ಉಳಿದ ಸಾಸನ್ನು ತಮ್ಮ ಫರಸಿಗೆ ಸುರಿದು, ನೀರು ಹಾಕಿ, ಎರಡೂ ಕೈಯಲ್ಲಿ ಎತ್ತಿ ಕುಡಿದರು. ಮುಖ ಸ್ವಲ್ಪ ಕಿವಿಚಿದರು.

"ಉಪ್ಪು ಜಾಸ್ತಿ ಅಲ್ವಾ?" ಎಂದರು.

"ಹೌದ್ರಿ," ಎಂದೆ, "ನಮ್ಮ ಮುತ್ಯಾನೂ ಹಂಗಾ ಅಂತಿದ್ರು."