ಅಜ್ಜಿಯ ಮಂಡಿಯಳತೆಯ ಮೆಟ್ಟಿಲು

ನಾನು ಚಿಕ್ಕವನಿದ್ದಾಗಲೂ ಈಗಿನ ಹಾಗೇ ಇದ್ದೆ ಮಕ್ಕಳೇ, ಎತ್ತರ ಒಂದು ಬಿಟ್ಟು. ಮೋಡ ಕಂಡರೆ ಹೆಂಚು ಹಾರಿಹೋಗುತ್ತದೇನೋ ಅಂತ ಚಿಂತೆ, ಮೋಡ ಇಲ್ಲದಿದ್ದರೆ ಬಾವಿ ಬತ್ತುತ್ತದೇನೋ ಅಂತ ಚಿಂತೆ. ಅಕ್ಕ ನನ್ನನ್ನು ‘ಮುದುಕಪ್ಪ’ ಅಂತಲೇ ಕರೆಯುತ್ತಿದ್ದಳು. ಈಗ ನಿಧಾನಕ್ಕೆ ಆ ಹೆಸರಿಗೆ ತಕ್ಕವನಾಗುತ್ತಿದ್ದೇನೆ.

ಹಳ್ಳಿಮೈಸೂರಿನ ಹತ್ತಿರದ ನಮ್ಮ ಕಲ್ಲಿನ ಮನೆ ನಿಮಗೆ ಗೊತ್ತಲ್ಲ. ಆ ಬೇಸಿಗೆಯಲ್ಲಿ ಅಪ್ಪ ಅದನ್ನು ರಿಪೇರಿಗೆ ಎಳೆದಿದ್ದ. ಗೋಡೆಯ ಕಲ್ಲುಗಳ ಸಂದಿಯಿಂದ ಹಳೇ ಮಣ್ಣು ಕೆರೆದು ಗಾರೆ ತುಂಬುತ್ತಿದ್ದರು. ಮನೆ ತುಂಬ ಒದ್ದೆ ಸುಣ್ಣದ ವಾಸನೆ. ಮುದ್ದೆ ನುಂಗಿದರೆ ಜೊತೆಗೆ ಮರಳೂ ಹೋಗುತ್ತಿತ್ತು. ನಡುಮನೆಯ ಮೂಲೆಯಲ್ಲಿ ಅಟ್ಟಕ್ಕೆ ಹತ್ತುವ ಕಡಿದಾದ ಮರದ ಮೆಟ್ಟಿಲಿತ್ತು. ಅಲ್ಲಲ್ಲಿ ಗೆದ್ದಲು ತಿಂದು, ಕಾಲಿಟ್ಟರೆ ಕಿರ್ರೆನ್ನುತ್ತಿತ್ತು. ಅದನ್ನು ಕಿತ್ತು, ಅಲ್ಲಿ ಕನ್ನಡಿ ಇರುವ ಹೊಸ ಕಬ್ಬಿಣದ ಬೀರು ನಿಲ್ಲಿಸಬೇಕು ಅನ್ನುವುದು ಅಪ್ಪನ ಆಸೆ.

“ಅಟ್ಟಕ್ಕೆ ಏಣಿ ಸಾಕು ಕಣವ್ವ. ಬೇಕಾದಾಗ ಇಟ್ಕೊಂಡ್ರಾಯ್ತು” ಅಂದಿದ್ದ ಅಜ್ಜಿಗೆ.

ಆದರೆ ಅಟ್ಟ ಅಜ್ಜಿಯ ರಾಜ್ಯ. ಹುಣಸೆಹಣ್ಣಿನ ಮಡಕೆ, ಬೆಲ್ಲದ ಅಚ್ಚು, ಬೂದಿ ಬೆರೆಸಿಟ್ಟ ಕಾಳು ಎಲ್ಲ ಅಲ್ಲೇ. ಮಧ್ಯಾಹ್ನ ಕಿಂಡಿಯ ಪಕ್ಕ ಕೂತು, ಕೆರೆ ಏರಿಯ ಮೇಲೆ ಯಾರು ಬಂದರು, ಯಾರು ಹೋದರು ಅಂತ ನೋಡುವುದೇ ಅವಳ ಸುಖ. ಮಂಡಿನೋವಿನ ಅಜ್ಜಿ ಬಿದಿರೇಣಿ ಹತ್ತುವುದುಂಟೇ? ಮೆಟ್ಟಿಲು ಹೋದರೆ ಅವಳ ಪಾಲಿಗೆ ಅಟ್ಟವೂ ಹೋದ ಹಾಗೆ.

ಬೀರು ತರಲು ಅಪ್ಪ ಬೆಳಿಗ್ಗೆಯೇ ಹೊಳೆನರಸೀಪುರಕ್ಕೆ ಗಾಡಿ ಕಟ್ಟಿದ. ಮೆಟ್ಟಿಲು ಕೀಳಲು ಮರಗೆಲಸದ ಆಚಾರಿ ಬಂದ. ಅಷ್ಟರಲ್ಲಿ ಅಜ್ಜಿ, “ಬಾ ಮಗ, ಹುಣಸೆಹಣ್ಣು ನೋಡ್ಕೊಂಡ್ ಬರೋಣ” ಅಂತ ನನ್ನ ಕೈ ಹಿಡಿದು, ಒಂದೊಂದು ಮೆಟ್ಟಿಲಿಗೂ ನಿಂತು ನಿಂತು ಅಟ್ಟಕ್ಕೆ ಹತ್ತಿದಳು. ಹತ್ತಿದವಳೇ ಕೆಳಗೆ ಬಗ್ಗಿ, “ಈಗ ಕೀಳಪ್ಪ” ಅಂದಳು.

“ಅಮ್ಮೋರೆ, ಮೊದ್ಲು ನೀವ್ ಇಳೀರಿ” ಅಂದ ಆಚಾರಿ.

“ನನ್ ಮಗ ಏಣಿ ಇಡ್ತಾನಂತೆ. ಅದ್ರಲ್ಲೇ ಇಳೀತೀನಿ. ನೀನ್ ಕೀಳು.”

ಆಚಾರಿ ತಲೆ ಕೆರೆದುಕೊಂಡು ಕಿತ್ತೇಬಿಟ್ಟ. ಕೆಳಗೆ ಧೂಳೆದ್ದಿತು. ನನಗೆ ಚಿಂತೆ ಹತ್ತಿತು. ರಜೆ ಮುಗಿದ ಮೇಲೆ ಸ್ಕೂಲಿಗೆ ಹೋಗುವುದು ಹೇಗೆ? ಒಂದಕ್ಕೆ ಬಂದರೆ ಏನು ಗತಿ? “ಅಜ್ಜಿ, ನಾವು ಇನ್ನು ಇಲ್ಲೇ ದೊಡ್ಡವರಾಗ್ತೀವಾ?” ಅಂತ ಕೇಳಿದೆ.

“ನಾನ್ ಆಗ್ಲೇ ಆಗಿವ್ನಿ. ನೀನು ಬೆಲ್ಲ ತಿನ್ಕೊಂಡು ನಿಧಾನಕ್ಕೆ ಆಗು” ಅಂದಳು ಅಜ್ಜಿ.

ಅಪ್ಪ ಬಂದಾಗ ಬೀರು ಅಂಗಳದಲ್ಲಿ, ಅಜ್ಜಿ ಅಟ್ಟದಲ್ಲಿ. ಅವನು ಓಡಿಹೋಗಿ ಏಣಿ ತಂದು ಇಟ್ಟ. ಅಜ್ಜಿ ಒಂದು ಕಾಲು ಇಳಿಬಿಟ್ಟು, “ಆಗಾಕಿಲ್ಲ ಕಣಪ್ಪ” ಅಂತ ಎಳೆದುಕೊಂಡಳು. ಬೆನ್ನ ಮೇಲೆ ಹೊತ್ತು ಇಳಿಸುತ್ತೇನೆ ಅಂತ ಅಪ್ಪ ಮೇಲೆ ಬಂದ. ಏಣಿ ಬಿಲ್ಲಿನ ಹಾಗೆ ಬಾಗಿತು. “ಅಣ್ಣ, ಅದು ಇಬ್ರನ್ನ ತಡೆಯಾಕಿಲ್ಲ” ಅಂತ ಆಚಾರಿ ಕೆಳಗಿನಿಂದ ಕೂಗಿದ.

ಅಜ್ಜಿ ಮೆತ್ತಗೆ ಹೇಳಿದಳು: “ಬೇಕಾದಾಗ ಇಟ್ಕೊಂಡ್ರಾಯ್ತು ಅಂದೆಯಲ್ಲಪ್ಪ. ಈಗ್ ಬೇಕು.”

ಏಣಿಯ ಮೇಲೆ ನಿಂತಿದ್ದ ಅಪ್ಪನಿಗೇ ನಗು ಬಂತು. “ಆಚಾರಿ, ಅವ್ವ ಇಳಿಯಂಗೆ ಒಂದು ಮೆಟ್ಟಿಲು ಮಾಡು” ಅಂದ.

ಆಚಾರಿ ಸೀಮೆಸುಣ್ಣ ಹಿಡಿದು ಅಟ್ಟಕ್ಕೆ ಬಂದ. “ಅಮ್ಮೋರೆ, ನೋವಾಗ್ದಂಗೆ ಕಾಲೆತ್ತಿ” ಅಂದ. ಅಜ್ಜಿ ಗೇಣಿಗಿಂತ ಕಡಿಮೆ ಎತ್ತಿದಳು. “ಇಷ್ಟೇನಾ?” “ಇಷ್ಟೇ.” ಅವನು ಗೋಡೆಯ ಮೇಲೆ ಗೆರೆ ಎಳೆದುಕೊಂಡು ಇಳಿದ. ಅವನು ಹೋದದ್ದೇ ತಡ, ಅಜ್ಜಿ ಅದೇ ಕಾಲನ್ನು ಕಾಳಿನ ಮೂಟೆಯ ಮೇಲೆ ದಾಟಿಸಿ ಕಿಂಡಿಯ ಹತ್ತಿರ ಹೋಗಿ ಕೂತಳು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. “ಅಳತೆ ಇವತ್ತಿನ ಮಂಡಿಗಲ್ಲ ಕಣ್ಲಾ, ಮುಂದಿನ ಮಂಡಿಗೆ” ಅಂದಳು.

ಮಧ್ಯಾಹ್ನ ಅಕ್ಕ ಹಗ್ಗ ಕಟ್ಟಿದ ಬುಟ್ಟಿಯಲ್ಲಿ ಮುದ್ದೆ, ಸೊಪ್ಪಿನ ಸಾರು ಇಟ್ಟಳು. ನಾನು ಬಾವಿಯಿಂದ ನೀರು ಸೇದುವ ಹಾಗೆ ಊಟ ಸೇದಿದೆ. “ಲೇ ಮುದುಕಪ್ಪ, ನೀನಾದ್ರೂ ಏಣೀಲಿ ಇಳಿಯೋ” ಅಂದಳು ಅಕ್ಕ. ನಾನು ಒಂದಕ್ಕೆ ಮಾತ್ರ ಇಳಿದು, ಮತ್ತೆ ಹತ್ತಿದೆ. ಅಜ್ಜಿ ಒಬ್ಬಳೇ ಆಗುತ್ತಾಳಲ್ಲ ಅಂತ ಚಿಂತೆ. ಬೆಲ್ಲದ ಅಚ್ಚೂ ಅಲ್ಲೇ ಇತ್ತು.

ಕೆಳಗೆ ಗರಗಸದ ಸದ್ದು, ಹಲಸಿನ ಮರದ ಹಳದಿ ಹೊಟ್ಟು, ಅದರ ಸಿಹಿ ವಾಸನೆ. ಬಾಗಿಲಿಗೆಂದು ತಂದಿದ್ದ ಹಲಗೆಗಳೆಲ್ಲ ಮೆಟ್ಟಿಲಾದವು. ಮೆಟ್ಟಿಲು ತಗ್ಗಾದಷ್ಟೂ ಸಾಲು ಉದ್ದವಾಗಬೇಕಲ್ಲ, ಅದು ಅಟ್ಟದಿಂದ ಹೊರಟು ನಡುಮನೆಯ ಮಧ್ಯದವರೆಗೂ ಬಂದು ನಿಂತಿತು. ಹೊತ್ತು ಮುಳುಗುವಾಗ ಅಜ್ಜಿ ಯಾರ ಕೈಯನ್ನೂ ಹಿಡಿಯದೆ, ಮದುಮಗಳ ಹಾಗೆ ಇಳಿದು ಬಂದಳು. ಬೀರುವಿಗೆ ರಾಗಿ ಕೋಣೆಯಲ್ಲಿ ಮಾತ್ರ ಜಾಗ ಸಿಕ್ಕಿತು. ಅಪ್ಪ ಅಲ್ಲಿ ರಾಗಿ ಮೂಟೆಗಳ ನಡುವೆ ನಿಂತು ತಲೆ ಬಾಚಿಕೊಳ್ಳುತ್ತಿದ್ದ.

ನಿಮ್ಮ ಹಾಸನದ ಮನೆಗೆ ಲಿಫ್ಟ್ ಇದೆ. ಗುಂಡಿ ಒತ್ತಿದರೆ ಆಯಿತು, ಯಾರ ಮಂಡಿ ಹೇಗಿದೆ ಅಂತ ಅದು ಕೇಳುವುದಿಲ್ಲ. ನಡುವೆ ನಿಂತುಬಿಟ್ಟರೆ ಅನ್ನುವ ಚಿಂತೆಗೆ ನಾನು ಅದರಲ್ಲಿ ಉಸಿರು ಬಿಗಿಹಿಡಿದೇ ನಿಲ್ಲುತ್ತೇನೆ. ಊರಿನ ಮೆಟ್ಟಿಲನ್ನು ನೀವು ಎರಡೆರಡಾಗಿ ಹಾರುತ್ತೀರಿ. ನಾನು ಒಂದೊಂದೇ ಹತ್ತುತ್ತೇನೆ, ನೋವಿಲ್ಲದೆ.

ಮೊನ್ನೆ ಊರಿಗೆ ಬಂದಿದ್ದಾಗ ನಿಮ್ಮಪ್ಪ ಹಳೇ ಮನೆ ರಿಪೇರಿ ಮಾಡಿಸೋಣ ಅಂದ. “ಆ ಮೆಟ್ಟಿಲು ಜಾಗ ತಿನ್ನುತ್ತೆ. ತೆಗೆಸಿ, ಮೂಲೇಲಿ ಸುರುಳಿ ಮೆಟ್ಟಿಲು ಹಾಕ್ಸಿದ್ರೆ ಸಾಕಲ್ವಾ?” ಅಂತ ಕೇಳಿದ. ನಾನು ಮೆಲ್ಲಗೆ ಅಟ್ಟ ಹತ್ತಿ, ಬುಟ್ಟಿ ಮತ್ತು ಹಗ್ಗ ಅಲ್ಲೇ ಇವೆಯಾ ಅಂತ ನೋಡಿಕೊಂಡು ಬಂದೆ.