ಬಂಡಿದಾರಿ ದಾಟಿದ ಚಿಣ್ಣಿ

ಭೀಮಶಾ, ಅಂದು ನಿನ್ನ ಚಿಣ್ಣಿ ಬಂಡಿದಾರಿ ದಾಟಿತ್ತು. ದಾಟಲಿಲ್ಲವೆಂದು ನಾನು ಸುಳ್ಳು ಹೇಳಿದೆ — ಕಣ್ಣಾರೆ ಕಂಡು, ಕಾಲಿನಿಂದ ಅದನ್ನು ಈಚೆಗೆ ಒದ್ದು, ಆಮೇಲೆ ಹೇಳಿದೆ.

ನಮ್ಮ ಕಿಣ್ಣಿ ಸುಲ್ತಾನದಲ್ಲಿ ಚಿಣ್ಣಿದಾಂಡು ಬರೀ ಹುಡುಗರ ಆಟವಾಗಿರಲಿಲ್ಲ. ಊರೊಳಗೆ ನಿಂತು ಹೊಡೆದ ಚಿಣ್ಣಿ ಅಗಸಿಬಾಗಿಲ ಮೇಲಿಂದ ಹಾರಿ, ಹೊರಗಿನ ಬಂಡಿದಾರಿಯ ಆಚೆ ಬಿದ್ದರೆ ಅದನ್ನು ಮತ್ತೆ ಆಟಕ್ಕೆ ತರುತ್ತಿರಲಿಲ್ಲ. ಅಗಸಿಯ ಮಣ್ಣುಗೋಡೆಗೆ ಗೂಟದಂತೆ ಬಡಿಯುತ್ತಿದ್ದರು. ಒಬ್ಬೊಬ್ಬ ಆಟಗಾರನಿಗೆ ಒಂದೊಂದು ಸಾಲು, ಅವನು ಆಡುವಷ್ಟು ಕಾಲ ಅದು ಬೆಳೆಯುತ್ತಿತ್ತು. ಎಲ್ಲರಿಗಿಂತ ಉದ್ದದ ಸಾಲು ನಮ್ಮಪ್ಪನದು. ಅಪ್ಪ ಜ್ವರದಲ್ಲಿ ತೀರಿಕೊಂಡ ಮೇಲೆ, ನೀರಿಗೆ ಹೋಗುವಾಗ ಅವ್ವ ಆ ಸಾಲಿನ ಕೊನೆಯ ಚಿಣ್ಣಿಯನ್ನು ಮುಟ್ಟಿ ಹೋಗುತ್ತಿದ್ದಳು. ನಿನ್ನ ಸಾಲು ಅದಕ್ಕೆ ಸಮ ಬಂದು ನಿಂತಿತ್ತು. ಇನ್ನೊಂದು ಬೇಕಿತ್ತು, ಅಷ್ಟೇ.

ಹೊರಗೆ ನಿಂತು ನೋಡುವ ಕೆಲಸ ನನ್ನದು. ಒಳಗಿನವರಿಗೆ ದಾರಿ ಕಾಣುತ್ತಿರಲಿಲ್ಲ. "ಸಾಲಿ ಕಲಿಯಾಂವ, ಸುಳ್ಳ ಹೇಳಂಗಿಲ್ಲ" ಎಂದು ಊರೇ ನನ್ನನ್ನು ಅಲ್ಲಿ ನಿಲ್ಲಿಸಿತ್ತು. ಆ ಮಾತಿಗೆ ಎಷ್ಟು ಬೀಗುತ್ತಿದ್ದೆ ನಾನು!

ಅಂದು ನೀನು ಒಳಗಿಂದ ಕೂಗಿದೆ: "ಏನಾತಲೇ ಮಾಸ್ತರ? ದಾಟ್ಯದೋ, ಇಲ್ಲಾ ನೀನೇ ಅಲ್ಲಿ ಮಲ್ಕೊಂಡೀಯೋ?" ಎಲ್ಲರೂ ನಕ್ಕರು.

"ಇಲ್ಲಲೇ. ಈಚಿಗೇ ಬಿದ್ದದ."

ಅಪ್ಪನ ಮೇಲಿನ ಪ್ರೀತಿಯಿಂದ ಹಾಗೆ ಮಾಡಿದೆನೆಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅಷ್ಟೇ ಆಗಿದ್ದರೆ — ಅಲ್ಲ. ನೀನು ನಮ್ಮ ಹೊಲದಲ್ಲಿ ದುಡಿಯುವವರ ಮಗ. ನಿನ್ನ ಸಾಲು ನಮ್ಮದನ್ನು ಮೀರುವುದು ನನಗೆ ಬೇಡವಾಗಿತ್ತು. ಶಾಲೆ ಕಲಿತವನ ಮನಸ್ಸು ಇಷ್ಟೇ ಇತ್ತು.

ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು, ನಮ್ಮ ಸೀಮೆಗಿನ್ನೂ ಬಂದಿರಲಿಲ್ಲ. ಗಲಭೆ ಹೆಚ್ಚಾಗಿ ಎಲ್ಲರೂ ಊರು ಬಿಟ್ಟೆವು. ಖಜೂರಿ ದಾಟಿ, ಸೊಲ್ಲಾಪುರದ ಕಡೆ ಡೇರೆಗಳಲ್ಲಿ ಉಳಿದೆವು. ಅಲ್ಲಿ ನಿನಗೆ ವಾಂತಿಭೇದಿ ಹತ್ತಿತು. ಕಣ್ಣು ಗುಳಿಬಿದ್ದಿದ್ದವು. ನನ್ನ ಕೈ ಹಿಡಿದು ಕೇಳಿದೆ: "ಖರೇ ಹೇಳಲೇ, ಅವತ್ತ ದಾಟಿದ್ದಿಲ್ಲೇನು?"

ಒಂದು ಮಾತು ಸಾಕಿತ್ತು. ಸುತ್ತಲೂ ನಮ್ಮೂರವರು ಕೂತಿದ್ದರು — "ಇಲ್ಲ" ಅಂದೆ.

"ಹೋಗ್ಲಿ ಬಿಡು. ಊರಿಗಿ ಹೋದ ಮ್ಯಾಲ ಇನ್ನೊಂದು ಹೊಡಿತೇನಿ. ಹೊರಗ ನೀನೇ ನಿಲ್ಲು."

ನೀನೇ ನಿಲ್ಲು ಅಂದೆಯಲ್ಲೋ... ನಿನ್ನನ್ನು ಅಲ್ಲೇ ಮಣ್ಣು ಮಾಡಿ ಬಂದೆವು.

ನಾನು ಓದಿದೆ. ಅರೆಹೊಟ್ಟೆ ಉಂಡು, ಬೇರೆಯವರ ಪುಸ್ತಕ ಕಡ ತಂದು ಓದಿದೆ. ನಮ್ಮ ಮನೆತನದ ಮೊದಲ ಪದವಿ ನನ್ನದು. ಅದರ ಹೆಮ್ಮೆ ನನಗಿದೆ, ಮುಚ್ಚಿಡುವುದಿಲ್ಲ. ಆದರೆ ಊರಲ್ಲಿ ಜಗಳ ಬಂದರೆ ಜನ ಇಂದಿಗೂ ನನ್ನ ಮಾತೇ ಕಡೆಯ ಮಾತೆನ್ನುತ್ತಾರೆ.

ನಿನ್ನ ತಂಗಿ ಮಲ್ಲಮ್ಮ ಆಳಂದದಲ್ಲಿದ್ದಾಳೆ. ನಾನು ಹೋದಾಗಲೆಲ್ಲ ಮೊಮ್ಮಕ್ಕಳನ್ನು ಕರೆದು ಮುಂದೆ ನಿಲ್ಲಿಸುತ್ತಾಳೆ. "ನಮ್ಮಣ್ಣ ಇವರಪ್ಪಗ ಸರಿಸಮ ಇದ್ದ. ಬೇಕಾದ್ರ ಇವರನ್ನೇ ಕೇಳ್ರಿ" ಅನ್ನುತ್ತಾಳೆ. ಆ ಮುಖದಲ್ಲಿ ಎಂಥ ಸಂತೋಷ! ನಾನು ಹೌದೆಂದು ತಲೆಯಾಡಿಸಿ, ಚಹಾ ಕುಡಿದು ಬರುತ್ತೇನೆ.

ನಾಳೆ ಹೋಗುತ್ತೇನೆ. ಆ ಮಕ್ಕಳ ಮುಂದೆಯೇ ಹೇಳುತ್ತೇನೆ — ಸಮ ಅಲ್ಲವ್ವಾ, ನಿಮ್ಮಣ್ಣ ಮುಂದಿದ್ದ. ಆಮೇಲೆ ಅವಳು ಕೂಡ್ರಿ ಅಂದರೂ ಸರಿ, ಎದ್ದು ಹೋಗು ಅಂದರೂ ಸರಿ.